ದೊಡ್ಡ ಟಿವಿ ಕೊಳ್ಳುವ ಮೊದಲು ಕಿಟಕಿ ನೋಡಿ

(ಬಡಾವಣೆಯ ವಾಚನಾಲಯವೊಂದರಲ್ಲಿ ಆಡಿದ ಮಾತಿನ ಬರಹ ರೂಪ. ಸಭಿಕರು ಕೇಳಿದ ಪ್ರಶ್ನೆಗಳನ್ನು ಅಲ್ಲಲ್ಲೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಈ ಕಾರ್ಯಕ್ರಮಕ್ಕೆ ಕರೆಯುವಾಗ ಸಂಘಟಕರು ಕೇಳಿದ್ದು ಒಂದೇ ಪ್ರಶ್ನೆ: “ಸಾರ್, ಓಎಲ್‌ಇಡಿ ತಗೋಬೇಕೋ, ಕ್ಯೂಎಲ್‌ಇಡಿ ತಗೋಬೇಕೋ?” ನಾನು ತಿರುಗಿ ಕೇಳಿದೆ: “ನಿಮ್ಮ ಹಾಲ್‌ನ ಕಿಟಕಿ ಯಾವ ದಿಕ್ಕಿಗಿದೆ? ಮನೆಯಲ್ಲಿ ನ್ಯೂಸ್ ನೋಡೋರು ಯಾರು?” ಅವರು ನಕ್ಕರು. ನಾನೇನೂ ತಮಾಷೆ ಮಾಡಿರಲಿಲ್ಲ. ಈ ಎರಡಕ್ಕೆ ಉತ್ತರ ಸಿಕ್ಕರೆ ಟಿವಿಯ ತೀರ್ಮಾನ ಮುಕ್ಕಾಲು ಪಾಲು ಆದ ಹಾಗೆ. ಉಳಿದ ಕಾಲು ಪಾಲಿಗೆ ಒಂದಿಷ್ಟು ಭೌತಶಾಸ್ತ್ರ ಬೇಕು, ಅದನ್ನು ಮೊದಲು ಮುಗಿಸಿಬಿಡೋಣ.

ಅಂಗಡಿಗೆ ಹೋದರೆ ಎಲ್‌ಇಡಿ, ಕ್ಯೂಎಲ್‌ಇಡಿ, ಕ್ಯೂಎನ್‌ಇಡಿ, ಮಿನಿ ಎಲ್‌ಇಡಿ, ಓಎಲ್‌ಇಡಿ ಅಂತ ಒಂದು ಸಾಲು ಬೋರ್ಡುಗಳು. ಹೆಸರು ಎಷ್ಟೇ ಇರಲಿ, ಮಾಮೂಲಿ ಮನೆಯವರು ಕೊಳ್ಳುವ ಟಿವಿಗಳಲ್ಲಿ ಇರುವುದು ಎರಡೇ ಕುಲ. ಒಂದು ಕುಲದಲ್ಲಿ ಪರದೆಯ ಹಿಂದೆ ದೀಪ ಉರಿಯುತ್ತಿರುತ್ತದೆ. ಮುಂದಿನ ಪದರ ಆ ಬೆಳಕನ್ನು ಎಷ್ಟು ಬೇಕೋ ಅಷ್ಟು ಬಿಟ್ಟು, ಬೇಡವಾದದ್ದನ್ನು ತಡೆದು ಚಿತ್ರ ಮೂಡಿಸುತ್ತದೆ. ಇದು ಎಲ್‌ಸಿಡಿ. ಓಎಲ್‌ಇಡಿ ಒಂದನ್ನು ಬಿಟ್ಟು ಮೇಲೆ ಹೇಳಿದ ಹೆಸರುಗಳೆಲ್ಲ ಇದೇ ಕುಲದವು. ಓಎಲ್‌ಇಡಿಯಲ್ಲಿ ಹಿಂದೆ ದೀಪವೇ ಇಲ್ಲ. ಪ್ರತಿಯೊಂದು ಚುಕ್ಕೆಯೂ ತಾನೇ ಬೆಳಗುತ್ತದೆ, ಬೇಡವೆಂದಾಗ ತಾನೇ ಆರುತ್ತದೆ.

ಎಲ್‌ಸಿಡಿಯ ಮೂಲದಲ್ಲಿರುವುದು ದ್ರವ ಸ್ಫಟಿಕ. 1888ರಲ್ಲಿ ಪ್ರಾಗ್‌ನಲ್ಲಿದ್ದ ಫ್ರೀಡ್ರಿಕ್ ರೈನಿಟ್ಸರ್ ಎಂಬ ಸಸ್ಯವಿಜ್ಞಾನಿ, ಕ್ಯಾರೆಟ್ಟಿನಿಂದ ತೆಗೆದ ಕೊಲೆಸ್ಟರಾಲಿನ ಸಂಯುಕ್ತವೊಂದನ್ನು ಕಾಯಿಸುತ್ತಿದ್ದಾಗ ಅದು ಎರಡು ಸಲ ಕರಗಿದಂತೆ ಕಂಡಿತು. ಮೊದಲು ಮಬ್ಬಾದ ದ್ರವ, ಇನ್ನಷ್ಟು ಕಾಯಿಸಿದರೆ ತಿಳಿಯಾದ ದ್ರವ. ಆ ನಡುವಿನ ಮಬ್ಬು ಸ್ಥಿತಿಯೇ ಇವತ್ತು ನಿಮ್ಮ ಗೋಡೆಯ ಮೇಲೆ ಕೂತಿದೆ.

ಈ ಕಥೆಯಲ್ಲಿ ನಮ್ಮ ಬೆಂಗಳೂರಿಗೂ ಒಂದು ಪಾಲಿದೆ, ಅದನ್ನು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಆಗಿನವರೆಗೆ ದ್ರವ ಸ್ಫಟಿಕ ಅಂದರೆ ಕಡ್ಡಿಯಾಕಾರದ ಅಣುಗಳಿಂದಲೇ ಆಗಬೇಕು ಅನ್ನುವ ನಂಬಿಕೆ ಇತ್ತು. 1977ರಲ್ಲಿ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಚಂದ್ರಶೇಖರ್, ಬಿ.ಕೆ. ಸದಾಶಿವ, ಕೆ.ಎ. ಸುರೇಶ್ ಮೂವರೂ ಸೇರಿ ಚಪ್ಪಟೆ ಬಿಲ್ಲೆಯಂತಹ ಅಣುಗಳೂ ಒಂದರ ಮೇಲೊಂದು ಪೇರಿಸಿಕೊಂಡು ದ್ರವ ಸ್ಫಟಿಕವಾಗುತ್ತವೆ ಎಂದು ತೋರಿಸಿದರು. ಚಂದ್ರಶೇಖರ್ ಅದಕ್ಕೆ ಮೊದಲು ಮೈಸೂರು ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿದ್ದವರು. ಆಮೇಲೆ ಬೆಂಗಳೂರಿನಲ್ಲಿ ದ್ರವ ಸ್ಫಟಿಕ ಸಂಶೋಧನೆಗೆಂದೇ ಒಂದು ಕೇಂದ್ರವನ್ನೂ ಕಟ್ಟಿದರು. ಅವರು ಕಂಡುಹಿಡಿದದ್ದು ಪುಸ್ತಕದಲ್ಲೇ ಉಳಿಯಲಿಲ್ಲ. 1990ರ ದಶಕದ ಎಲ್‌ಸಿಡಿ ಮಾನಿಟರ್‌ಗಳನ್ನು ಸ್ವಲ್ಪ ಪಕ್ಕಕ್ಕೆ ಸರಿದು ನೋಡಿದರೂ ಬಣ್ಣ ತಿರುಗುಮುರುಗಾಗುತ್ತಿತ್ತು. ಜಪಾನಿನ ಫ್ಯೂಜಿ ಕಂಪನಿ ಈ ಬಿಲ್ಲೆ ಅಣುಗಳನ್ನು ಬಳಸಿ ತೆಳುವಾದ ಫಿಲ್ಮ್ ಮಾಡಿತು. ಅದನ್ನು ಅಂಟಿಸಿದ ಮೇಲೆ ಪಕ್ಕದಲ್ಲಿ ಕೂತವರಿಗೂ ಚಿತ್ರ ಸರಿಯಾಗಿ ಕಾಣತೊಡಗಿತು. ಇವತ್ತಿನ ಟಿವಿಗಳು ಬೇರೆ ಉಪಾಯ ಹಿಡಿದಿವೆ. ಆದರೂ ಬೆಂಗಳೂರಿನ ಮೇಖ್ರಿ ಸರ್ಕಲ್ ಹತ್ತಿರ ಹೋದಾಗ ರಾಮನ್ ಸಂಸ್ಥೆಯ ಕಾಂಪೌಂಡಿನ ಕಡೆ ಒಮ್ಮೆ ನೋಡಿ.

ಈಗ ಎಲ್‌ಸಿಡಿಯ ಕಷ್ಟಕ್ಕೆ ಬರೋಣ. ಮಟಮಟ ಮಧ್ಯಾಹ್ನ ಬಾಗಿಲು ಎಷ್ಟೇ ಗಟ್ಟಿಯಾಗಿ ಹಾಕಿದರೂ ಸಂದಿಯಿಂದ ಬೆಳಕು ನುಸುಳುತ್ತದೆ, ನೋಡಿ. ಎಲ್‌ಸಿಡಿಯ ಕಪ್ಪು ಅಂಥದ್ದು, ಪೂರ್ತಿ ಕಪ್ಪಾಗುವುದಿಲ್ಲ. ಸಂದಿ ಎಷ್ಟು ದೊಡ್ಡದು ಅನ್ನುವುದು ಪ್ಯಾನೆಲ್ಲಿನ, ಅಂದರೆ ಪರದೆಯ ಫಲಕದ, ಜಾತಿಯ ಮೇಲಿದೆ. ಐಪಿಎಸ್ ಪ್ಯಾನೆಲ್‌ನಲ್ಲಿ ಬಿಳಿಗೂ ಕಪ್ಪಿಗೂ ಸುಮಾರು 1000ಕ್ಕೆ 1ರ ಅಂತರ, ಅಂದರೆ ಬಿಳಿ ಕಪ್ಪಿಗಿಂತ ಸಾವಿರ ಪಟ್ಟು ಹೊಳೆಯುತ್ತದೆ. ವಿಎ ಪ್ಯಾನೆಲ್‌ನಲ್ಲಿ 3000ದಿಂದ 5000ಕ್ಕೆ 1. ಕತ್ತಲ ಕೋಣೆಯಲ್ಲಿ ಈ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಆದರೆ ವಿಎ ಪ್ಯಾನೆಲ್ ನೇರ ಎದುರಿಗೆ ಕೂತವರಿಗೆ ಮಾತ್ರ ಚೆನ್ನ; ಪಕ್ಕದ ದಿವಾನದ ಮೇಲೆ ಒರಗಿದವರಿಗೆ ಬಣ್ಣ ತೊಳೆದಂತಾಗುತ್ತದೆ. ಐಪಿಎಸ್ ಪಕ್ಕದವರಿಗೂ ಒಂದೇ ಥರ ಕಾಣುತ್ತದೆ, ಆದರೆ ರಾತ್ರಿಯ ದೃಶ್ಯವೆಲ್ಲ ಬೂದಿ ಬಣ್ಣ. ಪೆಟ್ಟಿಗೆಯ ಮೇಲೆ ಇದು ಯಾವ ಪ್ಯಾನೆಲ್ ಅಂತ ಸಾಮಾನ್ಯವಾಗಿ ಬರೆದಿರುವುದಿಲ್ಲ. ಒಂದೇ ಮಾದರಿಯ 55 ಇಂಚಿನದರಲ್ಲಿ ಒಂದು ಥರ, 65 ಇಂಚಿನದರಲ್ಲಿ ಇನ್ನೊಂದು ಥರ ಇರುವುದೂ ಉಂಟು. ಅಂಗಡಿಯಲ್ಲಿ ಟಿವಿಯ ಎದುರಿನಿಂದ ಪಕ್ಕಕ್ಕೆ ನಾಲ್ಕು ಹೆಜ್ಜೆ ನಡೆದು ನೋಡಿ, ಗೊತ್ತಾಗಿಬಿಡುತ್ತದೆ.

ಈ ನುಸುಳುವ ಬೆಳಕಿಗೆ ಕಂಡುಕೊಂಡ ಪರಿಹಾರವೇ ಮಿನಿ ಎಲ್‌ಇಡಿ. ಹಿಂದಿನ ದೀಪವನ್ನು ಸಾವಿರಾರು ಪುಟ್ಟ ಎಲ್‌ಇಡಿಗಳಾಗಿ ಒಡೆದು, ಅವನ್ನು ವಲಯ ವಲಯವಾಗಿ ವಿಂಗಡಿಸಿ, ಚಿತ್ರ ಕಪ್ಪಿರುವ ಕಡೆ ಆ ವಲಯದ ದೀಪವನ್ನೇ ಆರಿಸುವುದು. 2019ರಲ್ಲಿ ಟಿಸಿಎಲ್ ಇಂಥ ಟಿವಿ ಮಾರುಕಟ್ಟೆಗೆ ತಂದ ಮೇಲೆ ಉಳಿದವರೂ ಹಿಂದೆ ಬಂದರು. ಕೇಳಲು ಚೆನ್ನಾಗಿದೆ, ಆದರೆ ಒಂದು ಲೆಕ್ಕ ಮಾಡಿ. 4ಕೆ ಪರದೆಯಲ್ಲಿ 82,94,400 ಚುಕ್ಕೆಗಳಿವೆ. ಟಿವಿಗೆ 500 ವಲಯಗಳಿದ್ದರೆ ಒಂದೊಂದು ವಲಯಕ್ಕೆ ಹದಿನಾರು ಸಾವಿರಕ್ಕೂ ಹೆಚ್ಚು ಚುಕ್ಕೆ. ಅಷ್ಟು ಚುಕ್ಕೆಗಳಲ್ಲಿ ಹತ್ತೇ ಬೆಳಗಬೇಕಿದ್ದರೂ ಇಡೀ ವಲಯದ ದೀಪ ಹತ್ತಬೇಕು. ಕಪ್ಪು ಪರದೆಯ ಮೇಲೆ ಬಿಳಿ ಸಬ್‌ಟೈಟಲ್ ಬಂದಾಗ ಅಕ್ಷರದ ಸುತ್ತ ಮಂಜಿನಂಥ ಪ್ರಭೆ ಕಾಣುವುದು ಇದರಿಂದಲೇ. ಆದ್ದರಿಂದ “ಮಿನಿ ಎಲ್‌ಇಡಿ” ಎಂಬ ಸ್ಟಿಕ್ಕರ್ ಒಂದನ್ನೇ ನಂಬಬೇಡಿ, ಎಷ್ಟು ವಲಯ ಅಂತ ಕೇಳಿ. ಮಾರಾಟದ ಹುಡುಗನಿಗೆ ಗೊತ್ತಿಲ್ಲದಿದ್ದರೆ ಅದು ಅವನ ತಪ್ಪಲ್ಲ. ಎಷ್ಟೋ ಕಂಪನಿಗಳು ಆ ಅಂಕಿಯನ್ನು ಹೊರಗೆ ಹಾಕುವುದೇ ಇಲ್ಲ.

ಕ್ಯೂಎಲ್‌ಇಡಿ ಬಗ್ಗೆ ಎರಡೇ ಮಾತು. ನೀಲಿ ದೀಪದ ಮುಂದೆ ಕ್ವಾಂಟಮ್ ಡಾಟ್ ಎಂಬ ಅತಿಸೂಕ್ಷ್ಮ ಕಣಗಳ ಪದರ ಇಟ್ಟರೆ ಕೆಂಪು, ಹಸಿರು ಬಹಳ ಶುದ್ಧವಾಗಿ ಬರುತ್ತವೆ. 2023ರ ರಸಾಯನಶಾಸ್ತ್ರದ ನೊಬೆಲ್ ಸಿಕ್ಕಿದ್ದು ಈ ಕಣಗಳಿಗೇ. ಬಣ್ಣಕ್ಕೆ ಇದು ನಿಜವಾದ ಲಾಭ. ಕಪ್ಪಿಗೆ ಇದರಿಂದ ಏನೂ ಆಗುವುದಿಲ್ಲ, ಅದು ಹಿಂದಿನ ದೀಪದ ವಿಚಾರ. ವಲಯಗಳಿಲ್ಲದ ಸಾಧಾರಣ ಕ್ಯೂಎಲ್‌ಇಡಿ ಅಂದರೆ ಒಳ್ಳೆಯ ಬಣ್ಣದ ಮಾಮೂಲಿ ಎಲ್‌ಸಿಡಿ, ಅಷ್ಟೇ.

ಓಎಲ್‌ಇಡಿಗೆ ಬುನಾದಿ ಹಾಕಿದ್ದು ಕೊಡಾಕ್ ಕಂಪನಿಯ ಚಿಂಗ್ ಟ್ಯಾಂಗ್ ಮತ್ತು ಸ್ಟೀವನ್ ವಾನ್ ಸ್ಲೈಕ್, 1987ರಲ್ಲಿ. ಫಿಲ್ಮ್ ರೋಲು ಮಾರುತ್ತಿದ್ದ ಅದೇ ಕೊಡಾಕ್. ಮುಂದೆ ಅದರ ಫಸಲು ಕೊಯ್ದವರು ಬೇರೆಯವರು. ಸೋನಿ 2007ರಲ್ಲಿ ಮೊದಲ ಓಎಲ್‌ಇಡಿ ಟಿವಿ ಮಾರಿತು, ಅದರ ಪರದೆ ಬರೀ 11 ಇಂಚು! 2013ರಲ್ಲಿ ಎಲ್‌ಜಿ 55 ಇಂಚಿನದನ್ನು ತಂದ ಮೇಲೆ ಇದು ಹಾಲ್‌ನಲ್ಲಿಡುವ ವಸ್ತುವಾಯಿತು. 2022ರಲ್ಲಿ ಸ್ಯಾಮ್‌ಸಂಗ್ ಡಿಸ್‌ಪ್ಲೇ ಕ್ವಾಂಟಮ್ ಡಾಟನ್ನು ಓಎಲ್‌ಇಡಿಗೇ ಜೋಡಿಸಿತು.

ರಾತ್ರಿ ದೀಪವೆಲ್ಲ ಆರಿಸಿ ಕಾಡಿನ ದೃಶ್ಯವೊಂದನ್ನು ಓಎಲ್‌ಇಡಿಯಲ್ಲಿ ನೋಡಬೇಕು. ಪಂಜಿನ ಬೆಂಕಿ ಉರಿಯುತ್ತಿರುತ್ತದೆ, ಅದರ ಪಕ್ಕದ ಚುಕ್ಕೆ ಪೂರ್ತಿ ಕತ್ತಲಾಗಿರುತ್ತದೆ. ಎಲ್‌ಸಿಡಿಯಲ್ಲಿ ಎಷ್ಟು ವಲಯ ಮಾಡಿದರೂ ಇಷ್ಟು ಚೊಕ್ಕವಾಗಿ ಬರುವುದಿಲ್ಲ. ಎದುರಿಗೆ ಕೂತವರಿಗೂ ಮೂಲೆಯಲ್ಲಿ ಕೂತವರಿಗೂ ಬಣ್ಣ ಹೆಚ್ಚುಕಡಿಮೆ ಒಂದೇ. ಓಡುವ ಚೆಂಡಿನ ಹಿಂದೆ ಬಾಲ ಮೂಡುವುದಿಲ್ಲ. ಚಿತ್ರದ ಗುಣ ಒಂದನ್ನೇ ಕೇಳಿದರೆ ನನ್ನ ಮತ ಓಎಲ್‌ಇಡಿಗೇ. ಇಲ್ಲಿಗೆ ಭಾಷಣ ಮುಗಿಯಬೇಕಿತ್ತು. ಮುಗಿಯದಿರುವುದಕ್ಕೆ ಕಾರಣ ನಮ್ಮ ಮನೆಗಳು.

ನಮ್ಮ ಕಡೆ ಟಿವಿ ಇರುವುದು ಹಾಲ್‌ನಲ್ಲಿ. ಅದೇ ಹಾಲ್‌ನಲ್ಲಿ ಮಕ್ಕಳು ಓದುತ್ತಾರೆ, ಅಜ್ಜಿ ಸೊಪ್ಪು ಬಿಡಿಸುತ್ತಾರೆ, ಬಂದವರಿಗೆ ಕಾಫಿ ಕೊಡುವುದೂ ಅಲ್ಲೇ. ಬಾಗಿಲು ತೆರೆದೇ ಇರುತ್ತದೆ, ಟ್ಯೂಬ್‌ಲೈಟ್ ಉರಿಯುತ್ತಲೇ ಇರುತ್ತದೆ. ಭಾನುವಾರ ಮಧ್ಯಾಹ್ನ ಕ್ರಿಕೆಟ್ ಹಾಕಿದ್ದೀರಿ ಅನ್ನಿ. ಇಡೀ ಪರದೆ ಹಸಿರು ಮೈದಾನ, ಎಲ್ಲೆಲ್ಲೂ ಬೆಳಕು. ಓಎಲ್‌ಇಡಿಯ ಬಲಹೀನತೆ ಇಲ್ಲೇ ಬಯಲಾಗುವುದು. ಪರದೆಯ ಸಣ್ಣ ಭಾಗ ಮಾತ್ರ ಬೆಳಗಬೇಕಿದ್ದರೆ ಅದು 1000 ನಿಟ್ಸ್ (ನಿಟ್ಸ್ ಅಂದರೆ ಹೊಳಪಿನ ಅಳತೆ) ದಾಟಿ ಹೊಳೆಯಬಲ್ಲದು. ಇಡೀ ಪರದೆ ಒಟ್ಟಿಗೆ ಬೆಳಗಬೇಕೆಂದರೆ ವಿದ್ಯುತ್ತೂ ಶಾಖವೂ ಮಿತಿ ಮೀರುವುದರಿಂದ ಟಿವಿ ತಾನೇ ಹೊಳಪು ತಗ್ಗಿಸಿಕೊಂಡು ಎಷ್ಟೋ ಮಾದರಿಗಳಲ್ಲಿ 150ರಿಂದ 250 ನಿಟ್ಸ್‌ಗೆ ಇಳಿಯುತ್ತದೆ. ಒಳ್ಳೆಯ ಮಿನಿ ಎಲ್‌ಇಡಿ ಆ ಹೊತ್ತಿನಲ್ಲೂ 500 ನಿಟ್ಸ್‌ಗಿಂತ ಮೇಲಿರುತ್ತದೆ. ಕಿಟಕಿಯ ಎದುರು ಗೋಡೆಗೆ ಟಿವಿ ತೂಗುಹಾಕಿದ್ದರೆ ಮೈದಾನದ ಜೊತೆಗೆ ನಿಮ್ಮ ಕಿಟಕಿಯ ಸರಳೂ ಕಾಣುತ್ತದೆ! ಕ್ವಾಂಟಮ್ ಡಾಟ್ ಸೇರಿಸಿದ ಓಎಲ್‌ಇಡಿಗಳಲ್ಲಿ ಇನ್ನೊಂದು ವಿಶೇಷ: ಹೊರಗಿನ ಬೆಳಕು ಬಿದ್ದರೆ ಅವುಗಳ ಕಪ್ಪು ಸ್ವಲ್ಪ ಬೂದಿಗೆ, ನೇರಳೆಗೆ ತಿರುಗುತ್ತದೆ. ಯಾವ ಕಪ್ಪಿಗಾಗಿ ಅಷ್ಟು ದುಡ್ಡು ಕೊಟ್ಟಿರೋ ಆ ಕಪ್ಪು ಹಗಲಲ್ಲಿ ಇರುವುದೇ ಇಲ್ಲ.

ಪ್ಲಾಸ್ಮಾ ಟಿವಿ ನೆನಪಿರುವವರು ಇಲ್ಲಿ ಒಬ್ಬಿಬ್ಬರಾದರೂ ಇದ್ದೀರಿ. 1964ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ತಂತ್ರ. ಕಪ್ಪು, ಬಣ್ಣ, ಚಲನೆ ಮೂರರಲ್ಲೂ ಆ ಕಾಲದ ಎಲ್‌ಸಿಡಿ ಅದರ ಮುಂದೆ ನಿಲ್ಲುತ್ತಿರಲಿಲ್ಲ. ಆದರೂ 2013ರ ಕೊನೆಗೆ ಪ್ಯಾನಾಸೋನಿಕ್ ಅದನ್ನು ನಿಲ್ಲಿಸಿತು, ಮರುವರ್ಷ ಸ್ಯಾಮ್‌ಸಂಗ್, ಎಲ್‌ಜಿ ಕೂಡ ಕೈಬಿಟ್ಟವು. ಹೆಚ್ಚು ಕರೆಂಟು, ಹೆಚ್ಚು ತೂಕ ಎಂಬ ಕಾರಣಗಳೂ ಇದ್ದವು. ಆದರೆ ನನ್ನ ಅಂದಾಜಿನಲ್ಲಿ ಅದಕ್ಕೆ ದೊಡ್ಡ ಪೆಟ್ಟು ಕೊಟ್ಟದ್ದು ಶೋರೂಮಿನ ದೀಪಗಳು. ಝಗಝಗಿಸುವ ಅಂಗಡಿಯಲ್ಲಿ ಪಕ್ಕಪಕ್ಕ ನಿಲ್ಲಿಸಿದಾಗ ಹೆಚ್ಚು ಹೊಳೆಯುವ ಟಿವಿಯೇ ಗೆಲ್ಲುತ್ತದೆ. ಆ ಬೆಳಕು ಈಗಲೂ ಹಾಗೇ ಇದೆ, ಟಿವಿಗಳೂ ಈಗಲೂ ಕಣ್ಣು ಕುಕ್ಕುವ “ವಿವಿಡ್” ಮೋಡ್‌ನಲ್ಲೇ ಇರುತ್ತವೆ. ಅಂಗಡಿಯವರಿಗೆ ಹೇಳಿ ಸಿನಿಮಾ ಮೋಡ್‌ಗೋ ಫಿಲ್ಮ್‌ಮೇಕರ್ ಮೋಡ್‌ಗೋ ಬದಲಿಸಿ ನೋಡಿ. ಸಾಧ್ಯವಾದರೆ ಕತ್ತಲೆಯ ದೃಶ್ಯವೊಂದನ್ನು ಪೆನ್‌ಡ್ರೈವ್‌ನಲ್ಲಿ ಒಯ್ಯಿರಿ. ಕಂಪನಿ ಕೊಟ್ಟ ಡೆಮೊ ವಿಡಿಯೋದಲ್ಲಿ ಹೂವು, ಹಣ್ಣು, ಬಣ್ಣದ ಮೀನು ಬಿಟ್ಟರೆ ಬೇರೇನೂ ಇರುವುದಿಲ್ಲ.

ಈಗ ಎರಡನೆಯ ಪ್ರಶ್ನೆ: ನ್ಯೂಸ್ ನೋಡುವವರು ಯಾರು?

ಕನ್ನಡದ ಯಾವುದೇ ನ್ಯೂಸ್ ಚಾನೆಲ್ ಹಾಕಿ. ಮೂಲೆಯಲ್ಲಿ ಲೋಗೊ, ಕೆಳಗೆ ಕೆಂಪು ಪಟ್ಟಿ, ಅದರ ಕೆಳಗೆ ಓಡುವ ಸಾಲು, ಪಕ್ಕದಲ್ಲಿ ಇನ್ನೊಂದು ಚೌಕಟ್ಟು. ಬೆಳಿಗ್ಗೆಯಿಂದ ರಾತ್ರಿಯವರೆಗೆ ಅದೇ ಜಾಗ, ಅದೇ ಬಣ್ಣ. ಓಎಲ್‌ಇಡಿಯ ಚುಕ್ಕೆ ಸಾವಯವ ವಸ್ತುವಿನದು, ಉರಿದಷ್ಟೂ ಸವೆಯುತ್ತದೆ. ಕೆಂಪು ಪಟ್ಟಿಯ ಜಾಗದ ಚುಕ್ಕೆಗಳು ಉಳಿದವಕ್ಕಿಂತ ಬೇಗ ಸವೆದರೆ, ಚಾನೆಲ್ ಬದಲಿಸಿದ ಮೇಲೂ ಅಲ್ಲೊಂದು ಮಸುಕಾದ ನೆರಳು ಉಳಿಯುತ್ತದೆ. ಅದು ಮತ್ತೆ ಹೋಗುವುದಿಲ್ಲ. ಕೆನಡಾದ ಆರ್‌ಟಿಂಗ್ಸ್ ಎಂಬ ಪರೀಕ್ಷಾ ಸಂಸ್ಥೆ 2018ರಲ್ಲಿ ಒಂದೇ ಮಾದರಿಯ ಆರು ಓಎಲ್‌ಇಡಿ ಟಿವಿಗಳನ್ನು ದಿನಕ್ಕೆ 20 ಗಂಟೆಯಂತೆ ಓಡಿಸಿ ನೋಡಿತು. ಸುದ್ದಿ ವಾಹಿನಿ ಹಾಕಿಟ್ಟ ಟಿವಿಗಳಲ್ಲಿ ಗುರುತು ಎದ್ದು ಕಂಡಿತು. ಬಗೆಬಗೆಯ ಚಿತ್ರ ಬರುತ್ತಿದ್ದವುಗಳಲ್ಲಿ ಅಷ್ಟು ಕಾಣಲಿಲ್ಲ. ಅದಾದ ಮೇಲೆ ಪ್ಯಾನೆಲ್‌ಗಳು ಸುಧಾರಿಸಿವೆ, ಹೌದು. ಹಾಗಂತ ನಿವೃತ್ತರಾದ ಅಪ್ಪ ಬೆಳಗಿನ ಕಾಫಿಯಿಂದ ರಾತ್ರಿ ಊಟದವರೆಗೆ ಒಂದೇ ಚಾನೆಲ್ ಹಾಕಿಕೊಂಡು ಕೂರುವ ಮನೆಗೆ ನಾನು ಓಎಲ್‌ಇಡಿ ತನ್ನಿ ಅನ್ನಲಾರೆ. ವಾರಂಟಿ ಕಾಗದದಲ್ಲಿ ಈ ಬಗೆಯ ಗುರುತಿಗೆ ಜವಾಬ್ದಾರಿ ಉಂಟೋ ಇಲ್ಲವೋ, ದುಡ್ಡು ಕೊಡುವ ಮುಂಚೆ ಓದಿಕೊಳ್ಳಿ.

ನಮ್ಮ ಒಂದು ಒಳ್ಳೆಯ ಅಭ್ಯಾಸವೂ ಇಲ್ಲಿ ತೊಂದರೆ ಕೊಡುತ್ತದೆ. ರಿಮೋಟಿನಲ್ಲಿ ಆಫ್ ಮಾಡಿ, ಆಮೇಲೆ ಗೋಡೆಯ ಸ್ವಿಚ್ಚನ್ನೂ ಆರಿಸುವವರು ನಾವು. ಓಎಲ್‌ಇಡಿ ಟಿವಿ ಕೆಲವು ಗಂಟೆ ಓಡಿದ ಮೇಲೆ, ನೀವು ಆಫ್ ಮಾಡಿದಾಗ ಒಳಗೊಳಗೇ ಚುಕ್ಕೆಗಳ ಸವೆತ ಅಳೆದು ಸರಿದೂಗಿಸುವ ಕೆಲಸ ಮಾಡುತ್ತದೆ. ಅದಕ್ಕೆ ಕರೆಂಟು ಬೇಕು. ದಿನಾ ರಾತ್ರಿ ಸ್ವಿಚ್ ಆರಿಸಿದರೆ ಆ ಕೆಲಸ ನಡೆಯುವುದೇ ಇಲ್ಲ.

ಇಲ್ಲಿ ಶಿವಮೊಗ್ಗದ ಕಡೆಯ ಹಿರಿಯರೊಬ್ಬರು ಎದ್ದು ಕೇಳಿದರು: “ನಮ್ಮ ಕಡೆ ಏಪ್ರಿಲ್, ಮೇನಲ್ಲಿ ಸಿಡಿಲು ಜೋರು. ಪ್ಲಗ್ ಕೀಳದೆ ಇರೋಕಾಗತ್ತಾ?” ಖಂಡಿತ ಕೀಳಿ. ಡಿಶ್‌ನ ಕೇಬಲ್ಲನ್ನೂ, ಇಂಟರ್ನೆಟ್ಟಿನ ವಯರನ್ನೂ ಕೀಳಿ, ಸಿಡಿಲು ಆ ದಾರಿಯಲ್ಲೂ ಬರುತ್ತದೆ. ನಾನು ಹೇಳಿದ್ದು ಮಾಮೂಲಿ ದಿನಗಳ ಮಾತು.

ಗಾತ್ರದ ಬಗ್ಗೆ ಜನ ವಿನಾಕಾರಣ ಹೆದರುತ್ತಾರೆ, ಅಥವಾ ವಿನಾಕಾರಣ ಧೈರ್ಯ ಮಾಡುತ್ತಾರೆ. ಇಂಚು ಅಳೆಯುವುದು ಮೂಲೆಯಿಂದ ಮೂಲೆಗೆ ಆದ್ದರಿಂದ 55ಕ್ಕೂ 65ಕ್ಕೂ ಹತ್ತೇ ಇಂಚು ವ್ಯತ್ಯಾಸ ಅನ್ನಿಸುತ್ತದೆ. ಪರದೆಯ ವಿಸ್ತೀರ್ಣ ಶೇ. 40ರಷ್ಟು ಹೆಚ್ಚು. 75 ಇಂಚಿನದು 55ರ ಹತ್ತಿರಹತ್ತಿರ ಎರಡರಷ್ಟು. ಸಿನಿಮಾ ನೋಡಿದ ತೃಪ್ತಿಗೆ ಪರದೆ ಕಣ್ಣಿಗೆ ಸುಮಾರು 30 ಡಿಗ್ರಿಯಷ್ಟು ಅಗಲ ಕಾಣಬೇಕು ಅನ್ನುವುದು ಈ ಕ್ಷೇತ್ರದ ಹಳೆಯ ಸೂತ್ರ. ಆ ಲೆಕ್ಕದಲ್ಲಿ 55 ಇಂಚಿಗೆ ಏಳೂವರೆ ಅಡಿ ದೂರ, 65ಕ್ಕೆ ಒಂಬತ್ತು ಅಡಿಯ ಒಳಗೆ, 75ಕ್ಕೆ ಹತ್ತು ಅಡಿ. ಟೇಪು ಹಿಡಿದು ಸೋಫಾದಿಂದ ಗೋಡೆಗೆ ಅಳೆದುಕೊಂಡೇ ಅಂಗಡಿಗೆ ಹೋಗಿ.

ಆದರೆ ಪರದೆ ದೊಡ್ಡದಾದಷ್ಟೂ ಕೆಟ್ಟ ಸಿಗ್ನಲ್ಲೂ ದೊಡ್ಡದಾಗುತ್ತದೆ. ಎಷ್ಟೋ ಮನೆಗಳಲ್ಲಿ 65 ಇಂಚಿನ 4ಕೆ ಟಿವಿ, ಅದಕ್ಕೆ ಹಳೆಯ ಎಸ್‌ಡಿ ಸೆಟ್‌ಟಾಪ್ ಬಾಕ್ಸ್! ಆ ಚಿತ್ರದಲ್ಲಿರುವುದು 576 ಗೆರೆ, ಟಿವಿಗೆ ಬೇಕಾದದ್ದು 2160. ಉಳಿದದ್ದನ್ನು ಟಿವಿ ಊಹೆ ಮಾಡಿ ತುಂಬಬೇಕು. ಲಕ್ಷ ರೂಪಾಯಿ ಟಿವಿಗೆ ಕೊಟ್ಟವರು ತಿಂಗಳಿಗೆ ಒಂದಿಷ್ಟು ಹೆಚ್ಚು ಕೊಟ್ಟು ಎಚ್‌ಡಿ ಪ್ಯಾಕ್ ಹಾಕಿಸಿಕೊಳ್ಳಲು ಯಾಕೆ ಹಿಂದೆ ಮುಂದೆ ನೋಡುತ್ತಾರೋ. ಇನ್ನು 4ಕೆಗಿಂತಲೂ ಹೆಚ್ಚು ಚುಕ್ಕೆಗಳ 8ಕೆ: ಅದರಲ್ಲಿ ತೋರಿಸಲು ಹೆಚ್ಚೇನೂ ಇಲ್ಲ, ಮುಂದಿನ ಪ್ರಶ್ನೆಗೆ ಹೋಗೋಣ.

ಒಬ್ಬ ತಾಯಿ ಕೇಳಿದರು, ಪ್ರೊಜೆಕ್ಟರ್ ತಂದರೆ ಇನ್ನೂ ದೊಡ್ಡದಾಗಿ ಕಾಣುವುದಿಲ್ಲವೇ ಎಂದು. ಕಾಣುತ್ತದಮ್ಮ, 100 ಇಂಚು, 120 ಇಂಚು ಸುಲಭವಾಗಿ. ಆದರೆ ಪ್ರೊಜೆಕ್ಟರಿಗೆ ಕಪ್ಪು ಅಂದರೆ ನಿಮ್ಮ ಗೋಡೆಯ ಬಣ್ಣ. ಕತ್ತಲೆ ಮಾಡಲು ಬರುವ ಪ್ರತ್ಯೇಕ ಕೋಣೆ ಇದ್ದರೆ ಯೋಚಿಸಿ, ಹಾಲ್‌ಗೆ ಬೇಡ.

“ಒಂದೇ ಬಜೆಟ್‌ಗೆ ಚಿಕ್ಕ ಓಎಲ್‌ಇಡಿನೋ, ದೊಡ್ಡ ಮಿನಿ ಎಲ್‌ಇಡಿನೋ?” ಇದು ಹುಡುಗನೊಬ್ಬನ ಪ್ರಶ್ನೆ, ಒಳ್ಳೆಯ ಪ್ರಶ್ನೆ. 65 ಇಂಚಿನ ಓಎಲ್‌ಇಡಿಯ ದುಡ್ಡಿಗೆ ಸಾಮಾನ್ಯವಾಗಿ 75 ಇಂಚಿನ ಒಳ್ಳೆಯ ಮಿನಿ ಎಲ್‌ಇಡಿ ಸಿಗುತ್ತದೆ. ರಾತ್ರಿ ಹತ್ತರ ಮೇಲೆ ದೀಪ ಆರಿಸಿ ಸಿನಿಮಾ ನೋಡುವವನೋ ಗೇಮ್ ಆಡುವವನೋ ಆಗಿದ್ದರೆ, ಗೋಡೆ ಸೋಫಾಗೆ ಹತ್ತಿರವಿದ್ದರೆ, ಚಿಕ್ಕ ಓಎಲ್‌ಇಡಿ ತಗೊಳ್ಳಪ್ಪ. ಗೇಮಿಗೆ 120 ಹರ್ಟ್ಜ್ ಪ್ಯಾನೆಲ್ (ಸೆಕೆಂಡಿಗೆ 120 ಸಲ ಚಿತ್ರ ಬದಲಿಸುವಂಥದ್ದು), ಎಚ್‌ಡಿಎಂಐ 2.1 (ಗೇಮ್ ಯಂತ್ರದ ಕೇಬಲ್ ಚುಚ್ಚುವ ಕಿಂಡಿ) ಎರಡೂ ಇವೆಯೇ ನೋಡಿಕೊ. “ಮೋಷನ್ 240” ಅಂತ ಬರೆದಿದ್ದರೆ ಅದು ಪ್ಯಾನೆಲ್ಲಿನ ವೇಗವಲ್ಲ. ನಿನ್ನ ಮನೆ ನಾನು ಆಗ ಹೇಳಿದ ಸೊಪ್ಪು ಬಿಡಿಸುವ ಹಾಲ್ ಆಗಿದ್ದರೆ, ಮನೆ ಮಂದಿಯೆಲ್ಲ ನೋಡುವ ಟಿವಿ ಆಗಿದ್ದರೆ, ದೊಡ್ಡ ಮಿನಿ ಎಲ್‌ಇಡಿ. ನಮ್ಮಲ್ಲಿ ಹತ್ತರಲ್ಲಿ ಏಳೆಂಟು ಮನೆಗಳು ಈ ಎರಡನೆಯ ಥರದವು ಅನ್ನುವುದು ನನ್ನ ಅನಿಸಿಕೆ. ಓಎಲ್‌ಇಡಿ ಅಭಿಮಾನಿಗಳು ಒಪ್ಪುವುದಿಲ್ಲ, ಪರವಾಗಿಲ್ಲ.

ಕಾಯಬೇಕೇ ಎಂದು ಕೆಲವರು ಕೇಳಿದಿರಿ. ಹಿಂದಿನ ದೀಪವನ್ನೇ ಕೆಂಪು, ಹಸಿರು, ನೀಲಿಯಾಗಿ ಬೇರ್ಪಡಿಸುವ ಹೊಸ ಟಿವಿಗಳನ್ನು 2025ರಲ್ಲಿ ಹೈಸೆನ್ಸ್ 116 ಇಂಚಿನಲ್ಲೂ ಸ್ಯಾಮ್‌ಸಂಗ್ 115 ಇಂಚಿನಲ್ಲೂ ತೋರಿಸಿದವು. ಆ ಗಾತ್ರದವು ನಮ್ಮ ಗೋಡೆಯ ಅಳತೆಗೂ ಜೇಬಿನ ಅಳತೆಗೂ ಬರುವಂಥವಲ್ಲ. ದೊಡ್ಡ ಟಿವಿಗೆ ಕಾದವರಿಗೆ ಒಂದು ಲಾಭ ಆಗಲೇ ಸಿಕ್ಕಿದೆ: 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿಯಿತು. ತೆರಿಗೆಗೆ ಮುಂಚೆ ಲಕ್ಷ ರೂಪಾಯಿ ಇದ್ದ ಟಿವಿಗೆ ಹತ್ತು ಸಾವಿರ ಉಳಿತಾಯ.

ಕೊನೆಯದಾಗಿ ಮನೆಗೆ ತರಿಸುವ ವಿಚಾರ. 85 ಇಂಚಿನ ಟಿವಿಯ ಅಗಲ ಸುಮಾರು 188 ಸೆಂಟಿಮೀಟರ್, ಪೆಟ್ಟಿಗೆ ಅದಕ್ಕಿಂತ ಉದ್ದ. ಅದನ್ನು ಮಲಗಿಸಿ ಸಾಗಿಸುವಂತಿಲ್ಲ, ಗಾಜು ಒಡೆಯುತ್ತದೆ. ಅಪಾರ್ಟ್‌ಮೆಂಟಿನ ಸಣ್ಣ ಲಿಫ್ಟಿನೊಳಗೆ ಅದು ಹಿಡಿಸುವುದಿಲ್ಲ, ಮೆಟ್ಟಿಲ ತಿರುವಿನಲ್ಲೂ ಸಿಕ್ಕಿಹಾಕಿಕೊಳ್ಳಬಹುದು. ಆರ್ಡರ್ ಮಾಡುವ ಮೊದಲು ಲಿಫ್ಟ್ ಅಳೆಯಿರಿ. ಗೋಡೆ ಹಾಲೋ ಬ್ಲಾಕಿನದೋ ಇಟ್ಟಿಗೆಯದೋ ಅಂತ ಫಿಟ್ ಮಾಡಲು ಬರುವವನಿಗೆ ಮೊದಲೇ ಹೇಳಿ. ಪೂಜೆಯ ಫೋಟೊ ಹಾಕುವ ಎತ್ತರದಲ್ಲಿ ಟಿವಿ ಹಾಕಿಸಬೇಡಿ; ಸೋಫಾದಲ್ಲಿ ಕೂತಾಗ ಕಣ್ಣಿನ ನೇರಕ್ಕೆ ಪರದೆಯ ಮಧ್ಯ ಬರಲಿ. ವಿಎ ಪ್ಯಾನೆಲ್ ಆದರೆ ಕೆಳಗಿನಿಂದ ನೋಡಿದರೂ ಬಣ್ಣ ಪೇಲವ. ಡೆಲಿವರಿಯವರು ಹೊರಡುವ ಮುಂಚೆ ಪೆಟ್ಟಿಗೆ ಬಿಚ್ಚಿಸಿ, ಟಿವಿ ಆನ್ ಮಾಡಿಸಿ, ಪೂರ್ತಿ ಬಿಳಿ, ಪೂರ್ತಿ ಕಪ್ಪು ಪರದೆ ಹಾಕಿ ಗೆರೆ, ಸತ್ತ ಚುಕ್ಕೆ ಇವೆಯೇ ನೋಡಿ, ಮೊಬೈಲಿನಲ್ಲಿ ವಿಡಿಯೋ ಮಾಡಿಟ್ಟುಕೊಂಡು, ಆಮೇಲೆ ಸಹಿ ಹಾಕಿ.